ಗಂಧಕದ ಹತ್ತು ಅರ್ಧಾಯು

ಉಗ್ರಾಣದ ಬೀಗ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಆ ವಾಸನೆ. ಒದ್ದೆ ರಟ್ಟು, ಗೋಡೆಯ ಬೂಷ್ಟು, ಅದರಡಿಯಲ್ಲಿ ಎಣಿಕೆ ಯಂತ್ರಕ್ಕೆ ಹಾಕುತ್ತಿದ್ದ ದ್ರಾವಣದ ಸಿಹಿಯಾದ ಘಾಟು. ಎರಡು ವರ್ಷದಿಂದ ನಾನು ಬಸವೇಶ್ವರನಗರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಅಲ್ಲಿ ಇಂಥ ವಾಸನೆಗಳಿಲ್ಲ. ಉಲ್ಲಾಳದ ರಸ್ತೆಯ ಈ ಸಣ್ಣ ಸಂಶೋಧನಾ ಕೇಂದ್ರಕ್ಕೆ ಮತ್ತೆ ಕಾಲಿಡುವುದಿಲ್ಲ ಎಂದು ನಾನೇನೂ ಶಪಥ ಮಾಡಿರಲಿಲ್ಲ. ಕರೆಯುವವರು ಇರಲಿಲ್ಲ, ಅಷ್ಟೆ. ಈಗ ಕರೆದದ್ದೂ ನನ್ನನ್ನಲ್ಲ, ನನ್ನ ಸಹಿಯನ್ನು.

"ಡ್ರಮ್ ಮೇಲೆ ನಿಮ್ಮ ಹೆಸರೇ ಇದೆ ವೀಣಾ ಮೇಡಂ. ನೀವು ಮುಂದೆ ನಿಂತ್ಕೊಂಡು ಓಪನ್ ಮಾಡಿಸ್ಬೇಕು, ರೂಲ್ಸು," ಎಂದು ಇಲ್ಲಿಯ ಸುರಕ್ಷಾ ಅಧಿಕಾರಿ ಫೋನ್ ಮಾಡಿದ್ದರು. ನನಗಿಂತ ಚಿಕ್ಕ ವಯಸ್ಸಿನವರು. ನಾನು ಇಲ್ಲಿ ಏನು ಮಾಡಿದ್ದೆ ಎಂಬುದು ಅವರಿಗೆ ಗೊತ್ತಿಲ್ಲ.

ನೀಲಿ ಡ್ರಮ್ ನಾನು ಇಟ್ಟ ಮೂಲೆಯಲ್ಲೇ ಇತ್ತು. ಅದರಲ್ಲಿರುವುದು ವಿಕಿರಣ ಸೂಸುವ ಗಂಧಕದ ಕಸ. ಈ ಗಂಧಕ ಎಂಬತ್ತೇಳು ದಿನಕ್ಕೆ ಅರ್ಧ ಸಾಯುತ್ತದೆ. ಇನ್ನೆಂಬತ್ತೇಳು ದಿನಕ್ಕೆ ಉಳಿದದ್ದರಲ್ಲಿ ಅರ್ಧ. ಇದಕ್ಕೆ ಅರ್ಧಾಯು ಎಂದು ಹೆಸರು. ಅಂಥ ಹತ್ತು ಅರ್ಧಾಯು ಕಳೆದರೆ ಸಾವಿರಕ್ಕೆ ಒಂದು ಪಾಲೂ ಉಳಿದಿರುವುದಿಲ್ಲ. ಆಮೇಲೆ ಅದನ್ನು ಮಾಮೂಲಿ ಕಸವೆಂದು ಕರೆಯಬಹುದು. ಎರಡೂವರೆ ವರ್ಷ ಸಾಕಿತ್ತು. ಕಾಗದಪತ್ರದ ಓಡಾಟದಲ್ಲಿ ಮೂರಾಯಿತು, ಮತ್ತೆ ಮಳೆಗಾಲವೇ ಬಂತು.

ಈ ಡ್ರಮ್ ಮುಚ್ಚಿದ ವರ್ಷ ಮುಂಗಾರು ಜೂನ್ ಶುರುವಿಗೇ ಹಿಡಿದುಕೊಂಡಿತ್ತು. ನನ್ನ ಪಿಎಚ್‌ಡಿಯ ಕೊನೆಯ ವರ್ಷ. ನಾನು ಮಾಡುತ್ತಿದ್ದ ಕೆಲಸ ಹೇಳಿದರೆ ನೆಂಟರು ನಗುತ್ತಿದ್ದರು: ಮೊಟ್ಟೆಯೊಳಗೆ ಬೆಳೆಯುವ ಕೋಳಿಮರಿಯ ಕಾಲು ಎಷ್ಟು ಗಂಧಕ ತಿನ್ನುತ್ತದೆ ಎಂದು ನೋಡುವುದು. ಮೂಳೆ ಹುಟ್ಟುತ್ತಲೇ ಮೂಳೆಯಲ್ಲ. ಮೊದಲು ಅದು ಮೆದುಮೂಳೆ, ನಮ್ಮ ಕಿವಿಯ ಹಾಗೆ ಬಾಗುವಂಥದ್ದು. ಅದು ನೀರು ಹಿಡಿದು ಉಬ್ಬಿ ಉದ್ದಕ್ಕೆ ಬೆಳೆಯಬೇಕಾದರೆ ಸಲ್ಫೇಟ್ ಬೇಕು, ಎಂದರೆ ಆಮ್ಲಜನಕ ಕೂಡಿಕೊಂಡ ಗಂಧಕ. ಜೀವಕೋಶ ಅದನ್ನು ತನ್ನದೊಂದು ಬಾಗಿಲಿನಿಂದ ಒಳಗೆಳೆದುಕೊಳ್ಳುತ್ತದೆ. ಎಷ್ಟು ಎಳೆದುಕೊಂಡಿತು ಎಂದು ತಿಳಿಯಲು ಸ್ವಲ್ಪ ವಿಕಿರಣ ಗಂಧಕ ಬೆರೆಸುತ್ತೇವೆ. ಕುರಿಮಂದೆಯಲ್ಲಿ ಒಂದೆರಡಕ್ಕೆ ಗಂಟೆ ಕಟ್ಟಿದ ಹಾಗೆ. ಗಂಟೆಯ ಸದ್ದನ್ನು ಯಂತ್ರ ಎಣಿಸಿಕೊಡುತ್ತದೆ.

ಮೊಟ್ಟೆ ತರುವುದೂ ನನ್ನದೇ ಕೆಲಸ. ಮಾಗಡಿ ರಸ್ತೆಯ ಆಚೆಯ ಕೋಳಿ ಫಾರಂನಿಂದ ಕಾವು ಕೊಟ್ಟ ಮೊಟ್ಟೆಗಳನ್ನು ಟವಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಸುಂಕದಕಟ್ಟೆಯ ಹೊಂಡಗಳಲ್ಲಿ ಬಸ್ಸು ಕುಣಿದಾಗಲೆಲ್ಲ ಬಸುರಿಯ ಹಾಗೆ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಿದ್ದೆ. "ಆಮ್ಲೆಟ್‌ಗೆ ಇಷ್ಟು ಮರ್ಯಾದೇನಾ ಮೇಡಂ?" ಎಂದು ಕಂಡಕ್ಟರ್ ಕೇಳಿದ್ದುಂಟು.

ನನ್ನ ಗೈಡ್ ಮೂರ್ತಿ ಸಾರ್ ದಸರಾ ಹೊತ್ತಿಗೆ ನಿವೃತ್ತರಾಗುವವರಿದ್ದರು. ವಿಕಿರಣದ ಪರವಾನಗಿ ಇದ್ದದ್ದು ಅವರ ಹೆಸರಿನಲ್ಲಿ. ಅವರು ಹೋದರೆ ಅದೂ ಹೋದ ಹಾಗೆ. "ಈ ಕೆಲಸ ಇನ್ಯಾರಿಗೆ ಬೇಕಮ್ಮ? ಈಗ ಎಲ್ಲರೂ ಜೀನ್ ಓದೋರೇ," ಎನ್ನುತ್ತಿದ್ದರು. ಜೂನ್‌ನಲ್ಲಿ ಬಂದ ಗಂಧಕದ ಸೀಸೆಯೇ ಕೊನೆಯದು ಎಂದು ಇಬ್ಬರಿಗೂ ಗೊತ್ತಿತ್ತು.

ಜೀನ್ ಓದುವವರ ದೆಸೆಯಿಂದಲೇ ಮಂಜುಳಾ ನಮ್ಮಲ್ಲಿಗೆ ಬಂದಳು. ದೀಪಾಂಜಲಿ ನಗರದವಳು, ಗಂಡ ನಾಗೇಶ ಲೇತ್ ವರ್ಕ್‌ಶಾಪಿನಲ್ಲಿ ಕೆಲಸಗಾರ. ಒಬ್ಬಳೇ ಮಗಳು ಚಿನ್ಮಯಿಗೆ ಐದು ವರ್ಷ. ಕೈಕಾಲು ಗಿಡ್ಡ, ಪಾದ ಒಳಕ್ಕೆ ತಿರುಗಿತ್ತು, ನಾಲಿಗೆ ಮಾತ್ರ ಮಾರುದ್ದ. ಮೆದುಮೂಳೆಗೆ ಸಲ್ಫೇಟ್ ಸಾಲದೆ ಹೀಗಾಗಿರಬೇಕೆಂದು ಆಪರೇಷನ್ ಮಾಡುವ ಡಾಕ್ಟರಿಗೆ ಅನುಮಾನ. ಅವರು ಮೂರ್ತಿ ಸಾರ್‌ರ ಹಳೆಯ ಶಿಷ್ಯರು.

ವಿಷಯ ಇಷ್ಟು. ಸಲ್ಫೇಟಿನ ಬಾಗಿಲು ಕಟ್ಟುವ ಜೀನ್ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತದೆ, ತಾಯಿಯದೊಂದು, ತಂದೆಯದೊಂದು. ಎರಡೂ ಕೆಟ್ಟರೆ ಮಾತ್ರ ಈ ಕಾಯಿಲೆ. ಮಗುವಿನ ಜೀನ್ ರಿಪೋರ್ಟಿನಲ್ಲಿ ತಾಯಿಯಿಂದ ಬಂದ ಪ್ರತಿ ಕೆಟ್ಟಿದೆ ಎಂದು ಖಡಾಖಂಡಿತವಾಗಿ ಬರೆದಿತ್ತು. ತಂದೆಯದರಲ್ಲಿ ಒಂದು ಅಕ್ಷರ ಬದಲಾಗಿದೆ, ಅದರಿಂದ ಕೆಡುಕೋ ಅಲ್ಲವೋ ತಿಳಿಯದು ಎಂದಿತ್ತು. ಗಂಡನ ಮನೆಯವರು ಮೊದಲ ಸಾಲು ಓದಿ ಕಾಗದ ಮಡಚಿಟ್ಟರು. ಅಲ್ಲಿಯವರೆಗೆ ಅತ್ತೆ ಗೌರಮ್ಮ, ಗ್ರಹಣದ ದಿನ ಬಸುರಿ ಸೊಸೆ ಈರುಳ್ಳಿ ಹೆಚ್ಚಿದ್ದೇ ಕಾರಣ ಎನ್ನುತ್ತಿದ್ದರಂತೆ. ಆಮೇಲೆ ಈರುಳ್ಳಿಯನ್ನು ಬಿಟ್ಟು ರಿಪೋರ್ಟನ್ನು ಹಿಡಿದುಕೊಂಡರು. ಮಗನಿಗೆ ಬೇರೆ ಮದುವೆಯ ಮಾತೂ ಎದ್ದಿತ್ತು.

"ಮೇಡಂ, ನಂಗೆ ಬೇರೇನೂ ಬೇಡ," ಎಂದಳು ಮಂಜುಳಾ ಮೊದಲ ದಿನವೇ. ನೆನೆದ ಸೆರಗಿನಿಂದ ಮಗುವಿನ ತಲೆ ಒರೆಸುತ್ತಿದ್ದಳು. "ಇವಳ ಕಾಲು ಉದ್ದ ಆಗಲ್ಲ ಅಂತ ಡಾಕ್ಟ್ರು ಹೇಳ್ಬಿಟ್ಟಿದಾರೆ. ನಾನೂ ಒಪ್ಕೊಂಡಿದೀನಿ. ಇಬ್ರಿಂದಲೂ ಬಂದಿದ್ದು ಅಂತ ಒಂದು ಪೇಪರಲ್ಲಿ ಬರ್ಕೊಡಿ. ಅಷ್ಟೇ ಸಾಕು."

"ಟೆಸ್ಟ್ ಮಾಡಿದ್ರೆ ಗೊತ್ತಾಗುತ್ತೆ ಮಂಜುಳಾ," ಎಂದೆ.

"ಗೊತ್ತಿರೋದು ನಂಗೆ ಗೊತ್ತು ಮೇಡಂ. ಅವ್ರಿಗೆ ಗೊತ್ತಾಗ್ಬೇಕು."

ಪಾದ ತಿರುಗಿಸುವ ಆಪರೇಷನ್ನಿನಲ್ಲಿ ತೆಗೆದ ಮೆದುಮೂಳೆಯ ಚೂರು, ಒಂದು ಕಡಲೆಕಾಳಿನಷ್ಟು, ಐಸಿನ ಡಬ್ಬಿಯಲ್ಲಿ ನನ್ನ ಕೈಗೆ ಬಂತು. ಅದರ ಕೋಶಗಳನ್ನು ಬಿಡಿಸಿ ಬೆಳೆಸಬೇಕು. ಅವಕ್ಕೂ, ಆರೋಗ್ಯವಂತ ಮಗುವೊಂದರ ಕೋಶಗಳಿಗೂ ಒಂದೇ ಅಳತೆಯ ವಿಕಿರಣ ಸಲ್ಫೇಟ್ ಕೊಟ್ಟು ನೋಡಬೇಕು. ಚಿನ್ಮಯಿಯ ಕೋಶಗಳು ತೀರಾ ಕಡಿಮೆ ತೆಗೆದುಕೊಂಡರೆ ತಂದೆಯ ಪ್ರತಿಯೂ ಕೆಟ್ಟಿದೆ ಎಂದೇ ಅರ್ಥ. ಮಂಜುಳಾ ಕೇಳಿದ ವಾಕ್ಯವನ್ನು ಧೈರ್ಯವಾಗಿ ಬರೆಯಬಹುದು.

ಪ್ರತಿ ವಾರ ಅವಳು ಎರಡು ಬಸ್ಸು ಬದಲಾಯಿಸಿಕೊಂಡು, ಕಾಲಿಗೆ ಪ್ಲಾಸ್ಟರ್ ಹಾಕಿದ ಮಗುವನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದಳು. ಬರಬೇಕಾದ ಅಗತ್ಯವೇ ಇರಲಿಲ್ಲ. ಬೇಡ ಅಂದರೂ ಕೇಳುತ್ತಿರಲಿಲ್ಲ. ಚಿನ್ಮಯಿ ನನ್ನ ಮೊಟ್ಟೆಗಳ ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

"ಆಂಟಿ, ಇದ್ರಿಂದ ಮರಿ ಯಾವಾಗ ಬರುತ್ತೆ?"

"ಬರಲ್ಲ ಕಣೇ. ಅದಕ್ಕೆ ಮುಂಚೆ ನಾವೇ ಒಡೀತೀವಿ."

"ಅಯ್ಯೋ, ಕೆಟ್ಟ ಆಂಟಿ," ಎಂದು ನಕ್ಕಳು. ಮಂಜುಳಾ ಬಾಯಿ ಮುಚ್ಚಿಸಿದಳು. ಆ ಹೊತ್ತಿಗೆ ನನಗೂ ನಗು ಬಂದಿತ್ತು.

ಜುಲೈನಲ್ಲಿ ಮಳೆ ಬಿಡಲೇ ಇಲ್ಲ. ಮಲ್ಲತ್ತಹಳ್ಳಿ ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಪ್ರಯೋಗಾಲಯದ ಬಾಗಿಲುಗಳು ಉಬ್ಬಿ ಮುಚ್ಚುತ್ತಿರಲಿಲ್ಲ, ಗೋಡೆಯಲ್ಲಿ ತೇವ ನಕ್ಷೆ ಬಿಡಿಸಿತ್ತು, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಅರ್ಧ ಕೋಶಗಳನ್ನು ಆಪತ್ತಿಗೆಂದು ಬೇರೆ ಎತ್ತಿಡು ಎಂದು ಸಾರ್ ಹೇಳಿದ್ದರು. ಎತ್ತಿಟ್ಟ ಅರ್ಧಕ್ಕೇ ಸೋಂಕು ತಗುಲಿತು. ಒಂದು ಬೆಳಗ್ಗೆ ನೋಡಿದರೆ ತಟ್ಟೆಗಳಲ್ಲಿ ಗಂಜಿಯ ಹಾಗೆ ಮಬ್ಬು. ಎಲ್ಲವನ್ನೂ ಬ್ಲೀಚಿಗೆ ಸುರಿದೆ. ಉಳಿದರ್ಧ ಕೈ ತಪ್ಪಿದರೆ ಮುಗಿಯಿತು. ಮಗುವಿನ ಕಾಲನ್ನು ಇನ್ನೊಮ್ಮೆ ಕೊಯ್ಯಲು ಆಗುವುದಿಲ್ಲ.

ನಾನು ಹೆದರಿದೆ. ಅದೇ ವಾರ ಮೂರ್ತಿ ಸಾರ್‌ರ ಅಣ್ಣ ತೀರಿಕೊಂಡರು, ಅವರು ಹದಿಮೂರು ದಿನ ಹಾಸನದಲ್ಲಿ ಉಳಿದರು. ಆ ಸಮಯದಲ್ಲಿ ಫೋನ್ ಮಾಡಿ ಕೇಳುವುದು ಚೆನ್ನಾಗಿರುವುದಿಲ್ಲ ಎಂದುಕೊಂಡು ನಾನೇ ತೀರ್ಮಾನ ತೆಗೆದುಕೊಂಡೆ: ಕೋಶಗಳ ಆಹಾರದ ದ್ರವಕ್ಕೆ ಸೋಂಕು ತಡೆಯುವ ಔಷಧಿ ಹಾಕುವುದು. ಜೀವಕೋಶ ಬೆಳೆಸುವವರೆಲ್ಲ ಹಾಕುತ್ತಾರೆ. ನನ್ನ ಕೋಳಿಮರಿಯ ಕಾಲುಗಳು ನಾಲ್ಕೇ ಗಂಟೆಯ ಕೆಲಸವಾದ್ದರಿಂದ ನಾನು ಅದುವರೆಗೆ ಹಾಕಿರಲಿಲ್ಲ. ಪ್ರಯೋಗದ ದಿನಕ್ಕೆ ದ್ರವದಲ್ಲಿ ಮಾಮೂಲಿ ಸಲ್ಫೇಟ್ ಇರಬಾರದೆಂದು, ಮೆಗ್ನೀಸಿಯಂ ಸಲ್ಫೇಟ್ ತೆಗೆದು ಅದರ ಬದಲು ಮೆಗ್ನೀಸಿಯಂ ಕ್ಲೋರೈಡ್ ಹಾಕಿ ಎರಡೆರಡು ಸಲ ತೂಗಿ ಕಲಸಿದೆ. ಆ ಎಚ್ಚರಿಕೆಯ ಬಗ್ಗೆ ನನಗೆ ಜಂಬವೇ ಇತ್ತು. ಆಮೇಲೆ ಅದೇ ಕೈಯಿಂದ ಔಷಧಿಯ ಹನಿಗಳನ್ನು, ಧೈರ್ಯಕ್ಕೆ ಸ್ವಲ್ಪ ಹೆಚ್ಚಾಗಿಯೇ, ಬಿಟ್ಟೆ.

ಎಣಿಕೆ ಬಂತು. ಎರಡು ಮಕ್ಕಳ ಕೋಶಗಳಿಗೂ ವ್ಯತ್ಯಾಸವೇ ಇಲ್ಲ. ಎರಡೂ ಕಡಿಮೆ, ಎರಡೂ ಸಮ. ಕಡಿಮೆ ಯಾಕೆ ಎಂಬ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು: ಸೀಸೆ ಬಂದು ಎರಡು ತಿಂಗಳಾಗಿದೆ, ಗಂಧಕ ಹಳೆಯದಾಗಿದೆ.

ಶುಕ್ರವಾರ ಮಂಜುಳಾ ಬಂದಳು. ಅವತ್ತು ಮೊದಲ ಬಾರಿಗೆ ನಾಗೇಶನೂ ಜೊತೆಗಿದ್ದ. ಮಿತಭಾಷಿ, ಉಗುರುಗಳಲ್ಲಿ ಗ್ರೀಸು, ಮಗುವನ್ನು ಅವನೇ ಎತ್ತಿಕೊಂಡಿದ್ದ. ಕೆಟ್ಟವನಾಗಿ ಕಾಣಲಿಲ್ಲ.

"ವ್ಯತ್ಯಾಸ ಕಾಣಿಸ್ತಾ ಇಲ್ಲ," ಎಂದೆ. "ಪಾಪು ಕೋಶ ಚೆನ್ನಾಗಿಯೇ ತಗೋತಾ ಇದೆ."

"ಹಂಗಂದ್ರೆ ಇವ್ರದ್ದು ಸರಿ ಇದೆಯಾ?" ಮಂಜುಳಾ ಕೇಳಿದಳು.

"ಇವ್ರ ಪ್ರತಿ ಕೆಲಸ ಮಾಡ್ತಿರೋ ಹಾಗೆ ಕಾಣುತ್ತೆ. ಹಾಗಿದ್ರೆ ಕಾಯಿಲೆಗೆ ಬೇರೇನೋ ಕಾರಣ ಇರ್ಬೇಕು, ಈ ಜೀನೇ ಅಲ್ಲ. ನಿಮ್ಮದೂ ಅಲ್ಲ."

ಕೊನೆಯ ಎರಡು ವಾಕ್ಯ ಯಾರಿಗೂ ಕೇಳಿಸಲಿಲ್ಲ. ಮಂಜುಳಾ ಕುರ್ಚಿಯ ಮೇಲೆ ಮೆಲ್ಲಗೆ ಕೂತಳು. ನಾಗೇಶ ಗಂಟಲು ಸರಿಮಾಡಿಕೊಂಡು, "ಮೇಡಂ, ಅದನ್ನ ಒಂದು ಪೇಪರಲ್ಲಿ ಕೊಡ್ತೀರಾ? ಮನೇಲಿ ಕೇಳ್ತಾರೆ," ಎಂದ.

ಕೊಡಬಾರದಿತ್ತು. ಸಾರ್ ನೋಡಿರದ ಎಣಿಕೆ ಅದು. ಆದರೆ ಐದು ವರ್ಷ ಕೋಳಿಕಾಲು ಎಣಿಸಿದ ನನ್ನ ಅಂಕಿಯನ್ನು ಹೊರಗಿನವರೊಬ್ಬರು ಬರೆದುಕೊಡಿ ಎಂದು ಕೇಳಿದ್ದು ಅದೇ ಮೊದಲು. ಟೈಪ್ ಮಾಡಿದೆ, ಗ್ರಾಫ್ ಕೂಡ ಹಾಕಿದೆ, ಸಹಿ ಮಾಡಿ ಮೇಲೆ ಲ್ಯಾಬಿನ ಸೀಲು ಒತ್ತಿದೆ. ನನಗೆ ಖುಷಿಯಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಖುಷಿಯಾಗಿದ್ದು ನಿಜ.

ಮುಂದಿನ ವಾರ ಸಾರ್ ಹಿಂತಿರುಗಿದರು, ತಲೆ ಬೋಳಿಸಿಕೊಂಡಿದ್ದರು. ಕೈಚೀಲವನ್ನೂ ಇಳಿಸದೆ ನನ್ನ ಪುಸ್ತಕ ನೋಡಿದರು.

"ಇಷ್ಟು ಕಮ್ಮಿ ಯಾಕಮ್ಮ?"

"ಐಸೋಟೋಪ್ ಹಳೇದಾಯ್ತಲ್ಲ ಸಾರ್."

"ಹಳೇದಾಗಿದ್ದನ್ನ ಲೆಕ್ಕದಲ್ಲಿ ಆಗ್ಲೇ ಸರಿ ಮಾಡಿದೀಯ. ಎರಡು ಸಲ ಹಳೇದಾಗುತ್ತಾ ಅದು?"

ದ್ರವಕ್ಕೆ ಏನೇನು ಹಾಕಿದೆಯೋ ಎಲ್ಲವನ್ನೂ ತಂದು ಮೇಜಿನ ಮೇಲಿಡು ಎಂದರು. ಒಂದೊಂದಾಗಿ ಇಟ್ಟೆ. ಅವರು ಸಾಲಾಗಿ ನೋಡುತ್ತ ಬಂದು, ಔಷಧಿಯ ಪುಟ್ಟ ಸೀಸೆಯನ್ನು ಎತ್ತಿ, ಚೀಟಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು. ದೊಡ್ಡ ಅಕ್ಷರದಲ್ಲಿ ಔಷಧಿಯ ಹೆಸರು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಸಲ್ಫೇಟ್'. ಮನೆಯಲ್ಲಿ ಸದಾ ಪುಟ್ಟ ಎಂದು ಕರೆದು ಕರೆದು ಸ್ಕೂಲಿನಲ್ಲಿ ಪೂರ್ತಿ ಹೆಸರು ಕೇಳಿದಾಗ ತಡವರಿಸುತ್ತೇವಲ್ಲ, ಹಾಗೆ. ಆ ಔಷಧಿ ಸಲ್ಫೇಟಿನ ರೂಪದಲ್ಲೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡಿರಲಿಲ್ಲ.

ಮುಂಬಾಗಿಲಿನಿಂದ ಓಡಿಸಿದ ಸಲ್ಫೇಟನ್ನು ನಾನೇ ಹಿತ್ತಿಲಿನಿಂದ ಕರೆದು ತಂದಿದ್ದೆ. ಗಂಟೆ ಕಟ್ಟಿದ ಕುರಿಗಳು ಆ ಗುಂಪಿನಲ್ಲಿ ಕಳೆದುಹೋದವು; ಅದಕ್ಕೇ ಎಣಿಕೆ ಕಡಿಮೆ. ಇನ್ನು ವ್ಯತ್ಯಾಸ ಕಾಣಬೇಕಾದದ್ದು ಕೋಶಗಳು ಸಲ್ಫೇಟಿಗೆ ಹಸಿದಿರುವಾಗ. ರಾಶಿ ಅನ್ನ ಸುರಿದ ಮದುವೆಮನೆಯಲ್ಲಿ ಕೈ ಊನವಾದವನೂ ಹೊಟ್ಟೆ ತುಂಬ ಉಣ್ಣುತ್ತಾನೆ. ನನ್ನ ಪ್ರಯೋಗ ಏನನ್ನೂ ಹೇಳಿರಲಿಲ್ಲ. ಅದು ಏನೋ ಹೇಳಿತು ಎಂದು ಬರೆದು ಸಹಿ ಮಾಡಿದವಳು ನಾನು.

ಸಾರ್ ಬೈಯಲಿಲ್ಲ. "ಕೋಶ ಉಳಿದಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. "ಪೇಪರ್ ಕೊಟ್ಟಿದೀಯಾ?" ಕೊಟ್ಟಿದ್ದೇನೆ ಎಂದೆ. ಕನ್ನಡಕ ತೆಗೆದು ಬೋಳುತಲೆ ಸವರಿಕೊಂಡರು. "ಹೋಗಿ ಇಸ್ಕೊಂಡು ಬಾ," ಎಂದರು ಕೊನೆಗೆ.

ದೀಪಾಂಜಲಿ ನಗರದಲ್ಲಿ ಮೆಟ್ರೋ ಕಂಬಗಳಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಎರಡು ಅಡ್ಡರಸ್ತೆ ಒಳಗೆ ಅವರ ಮನೆ. ಗೌರಮ್ಮ ಬಾಗಿಲು ತೆಗೆದರು. ನಾನು ಅಂದುಕೊಂಡಂಥ ಅತ್ತೆಯಲ್ಲ. ಸಣ್ಣಗೆ, ಮಂಡಿನೋವಿನಿಂದ ಓಲಾಡಿ ನಡೆಯುವ ಹೆಂಗಸು. ಕೂರಿಸಿ ಕಾಫಿ ಕೊಟ್ಟರು. ಮಂಜುಳಾ ಇರಲಿಲ್ಲ. ಮಗುವಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಣಗಿದ ಬಟ್ಟೆ ಮಡಚಿಟ್ಟಿತ್ತು.

"ಅವರಮ್ಮನ ಮನೆಗೆ ಕಳಿಸಿದೀವಿ, ಮಲ್ಲತ್ತಳ್ಳಿಗೆ," ಎಂದರು. "ಸ್ವಲ್ಪ ದಿನ ಇರ್ಲಿ."

ತಪ್ಪಾಗಿದೆ, ಆ ಕಾಗದ ವಾಪಸು ಕೊಡಿ ಎಂದೆ. ಅವರು ಬೀರು ತೆಗೆದು ತಂದರು. ಲ್ಯಾಮಿನೇಷನ್ ಮಾಡಿಸಿದ್ದರು. ಮಗನ ಹತ್ತನೇ ತರಗತಿಯ ಅಂಕಪಟ್ಟಿ, ತೀರಿಹೋದ ಗಂಡನ ಕಂಪನಿಯ ಸರ್ಟಿಫಿಕೇಟು, ಇವುಗಳ ಜೊತೆ ನನ್ನ ಗ್ರಾಫು ಪ್ಲಾಸ್ಟಿಕ್ಕಿನೊಳಗೆ ಮಿರುಗುತ್ತಿತ್ತು. ಅದನ್ನು ಕೈಗೆ ಕೊಡಲಿಲ್ಲ, ತೋರಿಸಿದರು ಅಷ್ಟೆ.

"ಏನಮ್ಮ ತಪ್ಪು?"

ಔಷಧಿ, ಸಲ್ಫೇಟು, ಕೋಶದ ಹಸಿವು ಎಂದು ಏನೇನೋ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು.

"ಹಂಗಾದ್ರೆ ನನ್ನ ಮಗನದ್ದು ಕೆಟ್ಟಿದೆ ಅಂತೀಯಾ?"

"ಹಾಗೂ ಹೇಳೋಕಾಗಲ್ಲಮ್ಮ. ಏನೂ ಹೇಳೋಕಾಗಲ್ಲ."

"ಏನೂ ಹೇಳೋಕಾಗಲ್ಲ ಅಂದ್ಮೇಲೆ ಮತ್ತೆ ಯಾಕಮ್ಮ ಬಂದೆ ಈ ಮಳೇಲಿ?" ಗೌರಮ್ಮ ಕಾಗದವನ್ನು ಎದೆಗೊತ್ತಿಕೊಂಡರು. "ಅವಳು ನಿನ್ನ ಹತ್ರ ಬಂದು ಅತ್ಲು, ನೀನು ಬಂದೆ. ನಾವೇನು ತಿಳೀದೋರಾ? ಇದ್ರಲ್ಲಿ ನಿನ್ನ ಸೈನೇ ಇದೆಯಲ್ಲ."

ಎದ್ದು ಕಾಫಿ ಲೋಟವನ್ನು ಬಚ್ಚಲಿಗೆ ಒಯ್ದಿಟ್ಟು ಹೊರಟು ಬಂದೆ.

ಹಿಂದಿನ ವರದಿ ರದ್ದು, ಅದರಿಂದ ಯಾವ ತೀರ್ಮಾನಕ್ಕೂ ಬರಬಾರದು ಎಂದು ಸಾರ್ ತಾವೇ ಒಂದು ಪತ್ರ ಬರೆದು ಸಹಿ ಮಾಡಿದರು. ಅದರ ಒಂದು ಪ್ರತಿಯನ್ನು ದೀಪಾಂಜಲಿ ನಗರಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆವು. ಇನ್ನೊಂದನ್ನು ಹಿಡಿದು ನಾನು ಮಲ್ಲತ್ತಹಳ್ಳಿಗೆ ಹೋದೆ. ಮಂಜುಳಾ ಬಾಗಿಲಲ್ಲಿ ನಿಂತೇ ಓದಿದಳು. ಎರಡು ಸಲ ಓದಿದಳು.

"ರದ್ದು ಅಂತ ಬರ್ದಿದೀರ," ಎಂದಳು. "ಇಬ್ರಿಂದಲೂ ಅಂತ ಬರ್ದಿಲ್ವಲ್ಲ ಮೇಡಂ."

"ಅದನ್ನ ಬರೆಯೋಕೆ ನನ್ನ ಹತ್ರ ಎಣಿಕೆ ಇಲ್ಲ ಮಂಜುಳಾ."

"ಅದಕ್ಕೆ ಮಾತ್ರ ಎಣಿಕೆ ಬೇಕು," ಎಂದಳು. ದನಿ ಏರಿಸಲಿಲ್ಲ. ಒಳಗಿನಿಂದ ಚಿನ್ಮಯಿ ಯಾರಮ್ಮಾ ಅಂದಳು. ಯಾರೂ ಇಲ್ಲ ಕಣೇ ಎಂದು ಅವಳಮ್ಮ ಉತ್ತರ ಕೊಟ್ಟಳು.

ಮಗುವಿನ ಚರ್ಮದ ಸಣ್ಣ ಚೂರಿನಿಂದಲೂ ಇನ್ನೊಮ್ಮೆ ನೋಡಬಹುದಿತ್ತು. ಇನ್ನೊಮ್ಮೆ ಕೊಯ್ಯಲು ಬಿಡುವುದಿಲ್ಲ ಎಂದು ಮಂಜುಳಾ ಒಂದೂವರೆ ತಿಂಗಳು ಹಟ ಹಿಡಿದಳು. ಅದು ತಪ್ಪೆಂದು ನಾನು ಹೇಗೆ ಹೇಳಲಿ? ಕೊನೆಗೆ ಒಪ್ಪಿ ಫೋನ್ ಮಾಡಿದಾಗ ದಸರಾ ಮುಗಿದಿತ್ತು. ಸಾರ್ ನಿವೃತ್ತರಾಗಿದ್ದರು, ಪರವಾನಗಿ ಹಿಂದಕ್ಕೆ ಹೋಗಿತ್ತು, ಉಳಿದ ಗಂಧಕ ಈ ನೀಲಿ ಡ್ರಮ್ಮಿನೊಳಗಿತ್ತು. ಬೇರೆ ಊರುಗಳ ಮೂರು ಪ್ರಯೋಗಾಲಯಗಳಿಗೆ ಬರೆದೆ. ಒಂದರಿಂದ, ನಾವು ಆ ಪರೀಕ್ಷೆ ನಿಲ್ಲಿಸಿ ಬಹಳ ಕಾಲವಾಯಿತು ಎಂಬ ಉತ್ತರ ಬಂತು. ಉಳಿದೆರಡು ಉತ್ತರಿಸಲೇ ಇಲ್ಲ.

ಕೋಳಿಕಾಲುಗಳ ಮೇಲೆ ನನಗೆ ಡಾಕ್ಟರೇಟ್ ಸಿಕ್ಕಿತು. ಆ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು.

ಉಗ್ರಾಣದಲ್ಲಿ ಡ್ರಮ್ಮಿನ ಮುಚ್ಚಳ ತೆಗೆದಾಗ ಅಧಿಕಾರಿ ಮೀಟರನ್ನು ಮೇಲೆ, ಕೆಳಗೆ, ಸುತ್ತ ಆಡಿಸಿದರು. ಖಾಲಿ ಕೋಣೆಯಲ್ಲಿ ಕೇಳಿಸುವಷ್ಟೇ ಟಿಕ್ ಟಿಕ್. ಸೀಸೆಗಳನ್ನು ಒರೆಸಿದ ಕಾಗದವನ್ನು ಯಂತ್ರದಲ್ಲಿ ಎಣಿಸಿದ್ದೂ ಆಯಿತು. ಕಸಕ್ಕೆ ಹಾಕುವ ಮೊದಲು ಚೀಟಿಗಳನ್ನು ಕೆರೆದು ತೆಗೆಯಬೇಕು, ಅದೂ ನಿಯಮವೇ. ಒಂದು ಬ್ಲೇಡು ಕೊಟ್ಟರು. ಕುಕ್ಕರಗಾಲಿನಲ್ಲಿ ಕೂತು ಕೆರೆದೆ. ಅರ್ಧ ಸೀಸೆಗಳ ಮೇಲೆ ನನ್ನ ಕೈಬರಹದಲ್ಲಿ 'ಚಿ' ಎಂದಿತ್ತು. ಅವಳಿಗೆ ಈಗ ಎಂಟು ವರ್ಷ. ವಾಕರ್ ಹಿಡಿದು ಶಾಲೆಗೆ ಹೋಗುತ್ತಾಳೆ, ಅಪ್ಪ ವಿಚ್ಛೇದನಕ್ಕೆ ಹಾಕಿದ್ದಾನೆ, ಅವನನ್ನು ಕೋರ್ಟಿನ ಆವರಣದಲ್ಲಿ ಮಾತ್ರ ನೋಡುತ್ತಾಳೆ. ಮೂರು ವಾರದ ಹಿಂದೆ ಮಂಜುಳಾ ಫೋನ್ ಮಾಡಿದ್ದಳು. ನಿಮ್ಮ ರದ್ದಿನ ಪತ್ರ ಜಡ್ಜಿಗೆ ಕೊಟ್ಟೆ ಮೇಡಂ, ಅವರ ಕಡೆ ವಕೀಲರು ಆ ಪ್ಲಾಸ್ಟಿಕ್ ಪೇಪರ್ ತೋರಿಸಿ, ಒಂದೇ ಲ್ಯಾಬು ಎರಡು ಥರ ಬರೆದುಕೊಟ್ಟಿದೆ, ಮೊದಲನೆಯದು ಯಾರ ಒತ್ತಡವೂ ಇಲ್ಲದೆ ಕೊಟ್ಟದ್ದು ಅಂದರು, ಎಂದಳು. ನಾನು ಬಂದು ಹೇಳಲೇ ಎಂದೆ. ಏನಂತ ಹೇಳ್ತೀರ ಎಂದಳು.

ಕೊನೆಯ ಸೀಸೆಯ ಚೀಟಿ ಅಂಟಿಕೊಂಡುಬಿಟ್ಟಿತ್ತು. ಉಗುರಿನಿಂದ ಕಿತ್ತೆ.

"ಆಯ್ತಾ ಮೇಡಂ? ಇನ್ನು ಇದು ಮಾಮೂಲಿ ಕಸ," ಎಂದು ಅಧಿಕಾರಿ ಫಾರಂ ಮುಂದಿಟ್ಟರು. ಪತ್ತೆಯಾಗುವಂಥದ್ದು ಏನೂ ಉಳಿದಿಲ್ಲ ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. "ಒಂದು ಸೈನ್ ಹಾಕ್ಬಿಡಿ."

ಅಂಕಿಗಳನ್ನು ಒಂದೊಂದಾಗಿ ಓದಿದೆ. ಅವರು ಗಡಿಯಾರ ನೋಡಿಕೊಂಡರು. ಮತ್ತೆ ಮೊದಲಿಂದ ಓದಿದೆ. ಈ ಸಲ ಎಲ್ಲವೂ ಸರಿಯಾಗಿತ್ತು. ಗೌರಮ್ಮನವರ ಬೀರುವಿನಲ್ಲಿರುವ ಅದೇ ಸಹಿಯನ್ನು ಕೆಳಗೆ ಹಾಕಿ ಕೊಟ್ಟೆ.